ನಾಯಿಯ ಕಣ್ಣಿಗೆ ಹೂ ಬಿದ್ದಿದೆ: ಇದು ತಿಗಣೆಯಿಂದ ಬರುವ ಚಾಗಸ್ ರೋಗವೇ?

ತೋಟದವ, ಹೊಳಲ್ಕೆರೆ:
ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟ ಕಾಯುವ ನಾಲ್ಕು ವರ್ಷದ ನಾಟಿ ನಾಯಿಗೆ ಹದಿನೈದು ದಿನಗಳಿಂದ ಜ್ವರ ಬಂದು ಬಿಟ್ಟು ಮಾಡುತ್ತಿದೆ. ಮೈ ಇಳಿದಿದೆ, ಹಿಂಗಾಲು ಬಾತಿವೆ, ಮೊನ್ನೆಯಿಂದ ಎಡಗಣ್ಣಿಗೆ ಹೂ ಬಿದ್ದು ಹಾಲುಬಿಳುಪಾಗಿದೆ. ಉಣ್ಣೆ ಜ್ವರವೆಂದು ಕೊಟ್ಟ ಮಾತ್ರೆಯಿಂದ ಗುಣ ಕಾಣಲಿಲ್ಲ. ಅದು ಮಲಗುವ ಕಲ್ಲುಗೋಡೆಯ ಸಂದಿಯಲ್ಲಿ ತಿಗಣೆಯನ್ನೇ ಹೋಲುವ, ಆದರೆ ಒಂದು ಅಂಗುಲ ಉದ್ದದ ಕರಿಹುಳು ಸಿಕ್ಕಿದೆ. ದಕ್ಷಿಣ ಅಮೆರಿಕದ ಹಳ್ಳಿಗಳಲ್ಲಿ ಇಂಥದೇ ಹುಳುವಿನಿಂದ ನಾಯಿಗಳಿಗೂ ಮನುಷ್ಯರಿಗೂ ಚಾಗಸ್ ರೋಗ ತಗಲುತ್ತದೆಂದು ಓದಿ, ಮನೆಯಲ್ಲಿ ಮಕ್ಕಳಿರುವುದರಿಂದ ಗಾಬರಿಯಾಗಿದೆ.

ಪಶುವೈದ್ಯ, ದಾವಣಗೆರೆ:
ಮಕ್ಕಳ ವಿಷಯದಲ್ಲಿ ಗಾಬರಿ ಬೇಡ, ನಾಯಿಯ ವಿಷಯದಲ್ಲಿ ತಡ ಬೇಡ. ಚಾಗಸ್ ರೋಗದ ಪರೋಪಜೀವಿ ಟ್ರೈಪನೊಸೋಮಾ ಕ್ರೂಜಿ. ಬ್ರೆಜಿಲ್‌ನ ವೈದ್ಯ ಕಾರ್ಲೋಸ್ ಚಾಗಸ್ 1909ರಲ್ಲಿ ಅದನ್ನು ಗುರುತಿಸಿದರು. ಅಲ್ಲಿ ಮಣ್ಣುಗೋಡೆಯ ಬಿರುಕಿನಲ್ಲಿ ಅಡಗುವ ರಕ್ತಹೀರುವ ತಿಗಣೆಗಳು ರಾತ್ರಿ ಕಚ್ಚುತ್ತವೆ. ಆದರೆ ರೋಗ ದಾಟುವುದು ಕಡಿತದಿಂದಲ್ಲ, ಕಚ್ಚಿದ ಜಾಗದ ಬಳಿ ಅವು ಹಾಕುವ ಹಿಕ್ಕೆ ಗಾಯಕ್ಕೋ ಕಣ್ಣಿಗೋ ಸೇರಿದಾಗ. ನಾಯಿಗಳು ಆ ಹುಳುಗಳನ್ನೇ ಹಿಡಿದು ತಿಂದೂ ಸೋಂಕು ಹತ್ತಿಸಿಕೊಳ್ಳುತ್ತವೆ, ಮತ್ತೆ ಅವುಗಳ ರಕ್ತ ಕುಡಿದ ತಿಗಣೆಗಳು ಮನೆಮಂದಿಗೆ ಅಂಟಿಸುತ್ತವೆ. ಆದ್ದರಿಂದಲೇ ಅರ್ಜೆಂಟೀನಾದಂಥ ಕಡೆ ನಾಯಿಯ ಕೊರಳಿಗೆ ಕೀಟನಾಶಕದ ಪಟ್ಟಿ ಕಟ್ಟಿ ನೋಡಿದ್ದಾರೆ.

ನಮ್ಮ ದೇಶದಲ್ಲೂ ಆ ಕುಲದ ತಿಗಣೆಗಳಿವೆ. ಲಿನ್ಷ್‌ಕೋಸ್ಟಿಯಸ್ ಎಂಬ ಗುಂಪು ಭಾರತದಲ್ಲಿ ಮಾತ್ರ ಇದೆ. ಆದರೆ ಕ್ರೂಜಿ ಇಲ್ಲಿ ನೆಲೆಯೂರಿಲ್ಲ. ಹುಳುವನ್ನು ಮಗುಚಿ ಮೂತಿ ನೋಡಿ: ಕುಡುಗೋಲಿನಂತೆ ಗಿಡ್ಡಗೆ ಬಾಗಿದ್ದರೆ ಅದು ಬೇರೆ ಕೀಟಗಳನ್ನು ತಿನ್ನುವ ಜಾತಿ, ನೇರವಾಗಿ ತೆಳ್ಳಗಿದ್ದು ತಲೆಯಡಿ ಮಡಚಿಕೊಂಡಿದ್ದರೆ ರಕ್ತಹೀರುವುದು.

ನನ್ನ ಅನುಮಾನವೆಲ್ಲ ಕ್ರೂಜಿಯ ದಾಯಾದಿಯಾದ ಟ್ರೈಪನೊಸೋಮಾ ಇವಾನ್ಸಿಯ ಮೇಲೆ, ಅಂದರೆ ಸರ್ರಾ ರೋಗದ ಮೇಲೆ. ದನಗಳಿಗೆ ಕಚ್ಚುವ ದೊಡ್ಡ ನೊಣಗಳು ಅದನ್ನು ಹರಡುತ್ತವೆ. ಜ್ವರ, ಬಾವು, ಕಣ್ಣಿನ ಹೂ ಮೂರೂ ಅದರ ಗುರುತುಗಳೇ. ಕಿವಿತುದಿಯ ರಕ್ತವನ್ನು, ಜ್ವರವಿರುವಾಗಲೇ, ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಒಮ್ಮೆ ಕಾಣದಿದ್ದರೆ ಮತ್ತೊಮ್ಮೆ.

ಕುರಿಗಾಹಿ, ಚಳ್ಳಕೆರೆ:
ಡಾಕ್ಟರ್ ಸಾಹೇಬರೇ, ಸರ್ರಾಕ್ಕೆಂದು ದನಕ್ಕೆ ತಂದು ಉಳಿದ ಡೈಮಿನಾಜೀನ್ ಚುಚ್ಚುಮದ್ದನ್ನು ನಮ್ಮ ಪಕ್ಕದ ಹಟ್ಟಿಯವರು ಅಂದಾಜಿನ ಮೇಲೆ ನಾಯಿಗೂ ಹಾಕಿದ್ದರು. ಅದು ತೂರಾಡಿ ಬಿದ್ದು ಎರಡೇ ದಿನಕ್ಕೆ ಸತ್ತಿತು. ಔಷಧಿಯೇ ತಪ್ಪೇ?

ಪಶುವೈದ್ಯ, ದಾವಣಗೆರೆ:
ಔಷಧಿ ತಪ್ಪಲ್ಲ, ಪ್ರಮಾಣ ತಪ್ಪಿರಬಹುದು. ಹೆಚ್ಚಾದರೆ ಅದು ನಾಯಿಯ ಮಿದುಳಿಗೇ ಪೆಟ್ಟು ಕೊಡುತ್ತದೆ. ತೂಕ ನೋಡದೆ ಕೊಡುವಂತಿಲ್ಲ. ತೋಟದವರೇ, ನಿಮ್ಮ ನಾಯಿ ಹಸಿ ಮಾಂಸ ತಿನ್ನುತ್ತದೆಯೇ? ಸೋಂಕಿದ ಪ್ರಾಣಿಯ ಹಸಿ ಮಾಂಸದಿಂದಲೂ ಸರ್ರಾ ಬರುತ್ತದೆ.

ತೋಟದವ, ಹೊಳಲ್ಕೆರೆ:
ವಾರಕ್ಕೊಮ್ಮೆ ಕಟುಕರ ಅಂಗಡಿಯ ಹಸಿ ಚೂರುಗಳನ್ನು ನಾನೇ ತಂದು ಹಾಕುತ್ತಿದ್ದೆ. ಹುಳುವಿನ ಮೂತಿ ಕುಡುಗೋಲಿನಂತೆಯೇ ಬಾಗಿದೆ. ಇಂದು ಬೆಳಿಗ್ಗೆ ರಕ್ತ ಪರೀಕ್ಷೆಯಾಯಿತು. ಕೆಂಪು ಕಣಗಳನ್ನು ಅತ್ತಿತ್ತ ತಳ್ಳುತ್ತಾ ಸಣ್ಣ ಸಣ್ಣ ಎಳೆಗಳಂಥ ಸರ್ರಾದ ಪರೋಪಜೀವಿಗಳು ಹೊರಳಾಡುವುದನ್ನು ವೈದ್ಯರು ನನಗೂ ತೋರಿಸಿದರು. ನಾಯಿಯನ್ನು ತೂಗಿ ಚುಚ್ಚುಮದ್ದು ಕೊಟ್ಟಿದ್ದಾರೆ. ಹಟ್ಟಿಯ ಎರಡು ಎಮ್ಮೆಗಳ ರಕ್ತವನ್ನೂ ನಾಳೆ ತೆಗೆಯುತ್ತಾರಂತೆ.