ಸಹಾಯ ಬೇಕು: ಹೊಸ ಜೊತೆಯನ್ನು ನಮ್ಮ ಬೆಳವ ಒಪ್ಪುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಅಪ್ಪನ ಗುಡಿಯ ಹತ್ತಿರ ನಮ್ಮ ಮನೆ. 5 ವರ್ಷಗಳಿಂದ ಬಿಳಿ ಬೆಳವಗಳ ಜೋಡಿಯೊಂದನ್ನು ಸಾಕಿದ್ದೆವು. (ಹೊಲದಲ್ಲಿ ಹಿಡಿದವಲ್ಲ, ಪಂಜರದಲ್ಲೇ ಹುಟ್ಟಿದ ಸಾಕು ತಳಿ.) ದೀಪಾವಳಿ ಮುಗಿದ ವಾರ ಹೆಣ್ಣು ಸತ್ತಿತು. ಗಂಡು ಸಜ್ಜೆ, ನವಣೆಯನ್ನು ಬರೀ ಕೆದಕುತ್ತಿತ್ತು. ದಿನವಿಡೀ ಕನ್ನಡಿಯ ಮುಂದೆ ಕುಳಿತು ಗುಟುರು ಹಾಕುತ್ತಿತ್ತು.

ನೋಡಲಾಗದೆ ಹೈದರಾಬಾದಿನಿಂದ ಹೊಸ ಹೆಣ್ಣನ್ನು ತಂದೆ. ರೋಗದ ಭಯಕ್ಕೆ 30 ದಿನ ಬೇರೆ ಕೋಣೆಯಲ್ಲಿಟ್ಟೆ. ಆಮೇಲೆ ಒಂದು ವಾರ ಎರಡೂ ಪಂಜರಗಳು ಪಕ್ಕಪಕ್ಕದಲ್ಲಿದ್ದವು. ಗಂಡು ಕುತ್ತಿಗೆ ಉಬ್ಬಿಸಿ, ತಲೆ ಬಾಗಿಸಿ ಕುಣಿಯಿತು. ಸಂಬಂಧ ಕುದುರಿತು ಎಂದುಕೊಂಡು ಭಾನುವಾರ ಹೆಣ್ಣನ್ನು ಅದರ ಪಂಜರಕ್ಕೆ ಬಿಟ್ಟೆ. ಹತ್ತು ನಿಮಿಷವೂ ಆಗಿರಲಿಲ್ಲ, ಮೂಲೆಗೆ ಅಟ್ಟಿ ನೆತ್ತಿ ಕುಕ್ಕಿತು. ಶಹಾಬಾದ್ ಕಲ್ಲಿನ ನೆಲದ ಮೇಲೆ ಆರೇಳು ಬಿಳಿ ಗರಿ, ಒಂದರ ಬುಡದಲ್ಲಿ ರಕ್ತ. ತಕ್ಷಣ ಬೇರ್ಪಡಿಸಿ ಅರಿಶಿನ ಹಚ್ಚಿದೆ. ಗಾಯ ಒಣಗಿದೆ.

ಹಳೆಯ ಪಂಜರ ಅದರ ರಾಜ್ಯ, ಅಲ್ಲಿಗೇ ಬಿಟ್ಟದ್ದು ನನ್ನ ತಪ್ಪು. ಎರಡಕ್ಕೂ ಹೊಸದಾದ ದೊಡ್ಡ ಪಂಜರದಲ್ಲಿ, ಎರಡು ಕಡೆ ಕಾಳು, ನೀರಿಟ್ಟು ಬಿಟ್ಟರೆ ಹೊಂದಿಕೊಂಡಾವೇ? ಮತ್ತೆ ಎಷ್ಟು ದಿನ ಕಾಯಬೇಕು?

ಇನ್ನೊಂದು ಅನುಮಾನ. ಇವುಗಳಲ್ಲಿ ಗಂಡು ಹೆಣ್ಣು ನೋಡಲು ಒಂದೇ ತರಹ. ಎದುರಾಳಿ ಗಂಡಿನ ಮುಂದೆಯೂ ಹೀಗೇ ತಲೆ ಬಾಗಿಸುತ್ತವೆ. ಅಂಗಡಿಯವನ ಮಾತು ನಂಬಿ ಇನ್ನೊಂದು ಗಂಡನ್ನೇ ತಂದೆನೋ ಏನೋ! ಗರಿ ಕಳುಹಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿದವರು ಇದ್ದರೆ ವಿವರ ತಿಳಿಸಿ. "ಹೊಸ ಸೊಸೆಗೂ ವರ್ಷ ಬೇಕಪ್ಪ" ಎನ್ನುತ್ತಾಳೆ ಅವ್ವ. ಅಷ್ಟು ದಿನ ನೆತ್ತಿಯ ಮೇಲೆ ಗರಿ ಉಳಿಯಬೇಕಲ್ಲ?