ಮಸಾಯಿ ಮಾರಾಕ್ಕೆ ಹೋಗಿ ಬಂದವರು ಸ್ವಲ್ಪ ಹೇಳಿ

ಕೇಳಿದ್ದು: ಆಗಸ್ಟ್‌ನಲ್ಲಿ ಅಪ್ಪ, ಅಮ್ಮನ ಜೊತೆ ಕೀನ್ಯಾಗೆ ಹೊರಟಿದ್ದೇವೆ. ಇಬ್ಬರಿಗೂ ಅರವತ್ತು ದಾಟಿದೆ. ಕಬಿನಿ, ಬಂಡೀಪುರ ಸುತ್ತಿದ್ದೇವೆ, ಆಫ್ರಿಕಾ ಹೊಸದು. ಏಜೆಂಟ್ ಒಂದೇ ವಾರದಲ್ಲಿ ನಾಲ್ಕು ಪಾರ್ಕ್ ಅಂತಿದ್ದಾರೆ. ಪ್ರಾಣಿಗಳನ್ನು ಚೆನ್ನಾಗಿ ನೋಡಲು ಏನು ಮಾಡಬೇಕು?

ಮೈಸೂರಿನಿಂದ: ಎರಡು ಪಾರ್ಕ್ ಕೈಬಿಡಿ. ನೈರೋಬಿಯಿಂದ ಮಾರಾಕ್ಕೇ ರಸ್ತೆಯಲ್ಲಿ ಐದಾರು ಗಂಟೆ ಬೇಕು. ಮಾರಾ ಮತ್ತು ಅಂಬೊಸೆಲಿ ಸಾಕು. ಅಂಬೊಸೆಲಿಯಲ್ಲಿ ಆನೆ ಹಿಂಡುಗಳ ಹಿಂದೆ ಕಿಲಿಮಂಜಾರೊ ಕಾಣಿಸುತ್ತದೆ. ಬೆಳಿಗ್ಗೆ ಬೇಗ ಹೊರಡಿ, ಬಿಸಿಲೇರಿದರೆ ಬೆಟ್ಟ ಮೋಡದಲ್ಲಿ ಮುಳುಗುತ್ತದೆ.

ಬೆಂಗಳೂರಿನಿಂದ: ಕಬಿನಿಯಲ್ಲಿ ನಾವು ಕಿವಿ ಕೊಟ್ಟು ಕೂರುತ್ತೇವೆ, ಅಲ್ವಾ? ಜಿಂಕೆ ಕೂಗಿತು, ಮುಸುವ ಕೂಗಿತು, ಹುಲಿ ಹತ್ತಿರ ಇದೆ ಅಂತ. ಮಾರಾದಲ್ಲಿ ಬಯಲು, ಅಲ್ಲಿ ಕಣ್ಣಿಗೇ ಕೆಲಸ ಜಾಸ್ತಿ. ಇಂಪಾಲಾಗಳೆಲ್ಲ (ಜಿಂಕೆಯಂಥ ಪ್ರಾಣಿ) ಮೇಯುವುದು ಬಿಟ್ಟು ಒಂದೇ ಕಡೆ ನೋಡುತ್ತಿದ್ದರೆ ನೀವೂ ಅತ್ತ ನೋಡಿ. ರಣಹದ್ದುಗಳು ಇಳಿಯುತ್ತಿದ್ದರೆ ಬೇಟೆ ಆಗಿದೆ. ನದಿ ಪಕ್ಕದ ಮರಗಳ ಕೊಂಬೆಯಿಂದ ಬಾಲ ಜೋತುಬಿದ್ದಿದೆಯಾ ನೋಡಿ, ಚಿರತೆ ಸಿಗುವುದು ಹಾಗೆ. ಹುತ್ತದ ಮೇಲೆ ಚೀತಾ ನಿಂತಿರುತ್ತದೆ. ಅದು ಹಗಲಲ್ಲೇ ಬೇಟೆಯಾಡುತ್ತದೆ, ಹಾಗಾಗಿ ತಿಂಡಿ ಕಟ್ಟಿಸಿಕೊಂಡು ಹೊರಗೇ ಇರಿ.

ಇನ್ನೊಂದು ವಿಷಯ, ಡ್ರೈವರ್‌ಗೆ ಮೊದಲೇ ಹೇಳಿಬಿಡಿ: ಬೇರೆ ಡ್ರೈವರ್‌ಗಳು ರೇಡಿಯೊದಲ್ಲಿ ಕರೆದ ಕಡೆಗೆಲ್ಲ ಓಡಬೇಡಿ. ಇಲ್ಲದಿದ್ದರೆ ಸಿಂಹ ಕಂಡಿತಾ, ಫೋಟೊ ಆಯ್ತಾ, ನಡೀರಿ ಅನ್ನುವ ಮೆರವಣಿಗೆ. ಸಿಂಹ ದಿನಕ್ಕೆ ಇಪ್ಪತ್ತು ಗಂಟೆ ಬೇಕಾದರೂ ಬಿದ್ದುಕೊಂಡಿರುತ್ತದೆ. ಸಂಜೆ ಅದು ಏಳುವವರೆಗೆ ಕಾದರೆ ಮರಿಗಳ ಜಗಳ, ಆಟ ಎಲ್ಲ ನೋಡಬಹುದು. ಚೀತಾ ಬೇಟೆಗೆ ಹೊಂಚು ಹಾಕುವಾಗ ಗಾಡಿ ಹತ್ತಿರ ಒಯ್ಯಬೇಡಿ ಅಂತ ನೀವೇ ಹೇಳಿ. ಅದಕ್ಕೆ ಊಟ ತಪ್ಪುತ್ತದೆ.

ನೈರೋಬಿಯಿಂದ: ಕಾಯುವುದು ಸರಿ, ಆದರೆ ಹಿರಿಯರ ಬೆನ್ನು ಕೇಳಬೇಕಲ್ಲ! ಮಾರಾದ ಗಡಿಗೆ ಅಂಟಿಕೊಂಡು ಕನ್ಸರ್ವೆನ್ಸಿಗಳಿವೆ, ಅಂದರೆ ಪ್ರಾಣಿಗಳಿಗೆಂದು ಬಿಟ್ಟ ಖಾಸಗಿ ಪ್ರದೇಶಗಳು. ಅಲ್ಲಿನ ಮಸಾಯಿ ಜನಾಂಗದ ಕುಟುಂಬಗಳು ಗುತ್ತಿಗೆಗೆ ಕೊಟ್ಟ ಜಮೀನು ಅದು. ಗಾಡಿ ಕಮ್ಮಿ, ರಾತ್ರಿ ಸಫಾರಿಯೂ ಇರುತ್ತದೆ. ದುಬಾರಿ, ನಿಜ. ಬೆಳಗಿನ ಚಳಿಗೆ ಜಾಕೆಟ್ ಬೇಕೇ ಬೇಕು, ಸಮಭಾಜಕದ ಹತ್ತಿರ ಅಂತ ಮೋಸಹೋಗಬೇಡಿ. ಚಪಾತಿ, ತರಕಾರಿ ಸಿಗುತ್ತದೆ. ಪ್ಲಾಸ್ಟಿಕ್ ಕವರ್ ತರಬೇಡಿ, 2017ರಿಂದ ನಿಷೇಧ.

ಶಿವಮೊಗ್ಗದಿಂದ: ಎಲ್ಲಕ್ಕಿಂತ ಮುಂಚೆ ಯೆಲ್ಲೊ ಫೀವರ್ ಲಸಿಕೆ ನೋಡಿಕೊಳ್ಳಿ. ಕೀನ್ಯಾದಿಂದ ಬಂದವರಿಗೆ ಭಾರತದಲ್ಲಿ ಅದರ ಸರ್ಟಿಫಿಕೇಟ್ ಕೇಳುತ್ತಾರೆ. ಹಾಕಿಸಿ ಹತ್ತು ದಿನ ಆದ ಮೇಲೇ ಅದು ಊರ್ಜಿತ. ಅರವತ್ತು ದಾಟಿದವರಿಗೆ ಈ ಲಸಿಕೆಯ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ. ಟಿಕೆಟ್ ತೆಗೆಯುವ ಮುಂಚೆಯೇ ವೈದ್ಯರನ್ನು ಕೇಳಿ. ಮಲೇರಿಯಾ ಮಾತ್ರೆ ಬಗ್ಗೆಯೂ ಅವರನ್ನೇ ಕೇಳಿ.

ಕೇಳಿದವರು: ಲಸಿಕೆ ವಿಷಯ ಗೊತ್ತೇ ಇರಲಿಲ್ಲ, ಒಳ್ಳೆಯದಾಯಿತು. ವೈಲ್ಡ್‌ಬೀಸ್ಟ್‌ಗಳು (ದನದಂತೆ ಕಾಣುವ ಕಾಡುಪ್ರಾಣಿ) ಹಿಂಡಾಗಿ ನದಿ ದಾಟುವುದು ಆಗಸ್ಟ್‌ನಲ್ಲಿ ಗ್ಯಾರಂಟಿ ಅಂತಾರೆ ಏಜೆಂಟ್. ಹೌದಾ?

ಬೆಂಗಳೂರಿನಿಂದ: ಒಳ್ಳೆಯ ಕಾಲವೇ. ಆದರೆ ಹಿಂಡು ಹೋಗುವುದು ಮಳೆ, ಹುಲ್ಲು ನೋಡಿಕೊಂಡು. ದಡಕ್ಕೆ ಬಂದು ಗಂಟೆಗಟ್ಟಲೆ ನಿಂತು ಸುಮ್ನೆ ವಾಪಸ್ ಹೋಗುವುದೂ ಉಂಟು. ಗ್ಯಾರಂಟಿ ಅಂದವರನ್ನು ಬಿಟ್ಟು ಬೇರೆ ಏಜೆಂಟ್ ಹುಡುಕಿ.