ಸಹಾಯ ಬೇಕು: ಲಾಕ್‌ಡೌನ್‌ನಲ್ಲಿ ಒಬ್ಬಳೇ ಇದ್ದೇನೆ, ಹುಷಾರು ತಪ್ಪಿದರೆ ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ವಿದೇಶದಲ್ಲಿ ಒಂದೇ ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದೇನೆ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಘೋಷಿಸಿದ ಮೇಲೆ ಇಲ್ಲಿ ಎಲ್ಲ ಮುಚ್ಚಿತು. ಕೆಲಸ, ಊಟ, ನಿದ್ದೆ ಎಲ್ಲ ಅದೇ ನಾಲ್ಕು ಗೋಡೆಯೊಳಗೆ. ಅದು ಹೇಗೋ ನಡೆಯುತ್ತಿದೆ.

ನನ್ನ ಭಯ ಬೇರೆ. ಸೋಂಕು ತಗುಲಿದರೆ ಲಕ್ಷಣ ಕಾಣಿಸಲು 14 ದಿನದವರೆಗೂ ಹಿಡಿಯಬಹುದು. ದಿನಸಿಗೆ ಹೊರಗೆ ಹೋಗಿ ಬಂದಾಗಲೆಲ್ಲ ಮತ್ತೆ ಒಂದರಿಂದ ಎಣಿಕೆ ಶುರು. ಮೊನ್ನೆ ರಾತ್ರಿ ಸ್ವಲ್ಪ ಮೈ ಬಿಸಿಯಾಯಿತು. ಬೆಳಗಾಗುವಷ್ಟರಲ್ಲಿ ಸರಿಹೋಯಿತು. ಆದರೆ ರಾತ್ರಿಯಿಡೀ ಒಂದೇ ಯೋಚನೆ: ನಾನು ಏಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಅಮ್ಮನಿಗೆ ಹೇಳಿಲ್ಲ. ಅಷ್ಟು ದೂರದಲ್ಲಿ ಕೂತು ಸುಮ್ನೆ ಕೊರಗುತ್ತಾರೆ, ಅಲ್ವಾ?

ಹೀಗೆ ಒಬ್ಬರೇ ಇರುವವರು ಏನು ಏರ್ಪಾಡು ಮಾಡಿಕೊಂಡಿದ್ದೀರಿ? ಜಾಸ್ತಿ ಪರಿಚಯ ಇಲ್ಲದ ಪಕ್ಕದ ಮನೆಯವರ ಹತ್ತಿರ ಒಂದು ಬೀಗದ ಕೈ ಕೊಟ್ಟಿಡಬಹುದಾ? ದಿನಾ ಬೆಳಗ್ಗೆ ‘ಎದ್ದಿದ್ದೇನೆ’ ಅಂತ ಒಬ್ಬರಿಗೊಬ್ಬರು ಮೆಸೇಜ್ ಹಾಕಿಕೊಳ್ಳೋಣ ಅನ್ನುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ನಾನು ಒಂದು ದಿನವೂ ತಪ್ಪಿಸುವುದಿಲ್ಲ.